ಎರಡು ಹಳದಿ ದೀಪ

ಜೂನ್ 2, ಸೋಮವಾರ

ಆಷಾಢಕ್ಕೆ ಇನ್ನು ಮೂರು ವಾರ ಚಿಲ್ಲರೆ. ಅಷ್ಟರೊಳಗೆ ಊರಿನವರೆಲ್ಲ ಗೃಹಪ್ರವೇಶ ಮುಗಿಸಲೇಬೇಕು ಎಂದು ಹಟ ಹಿಡಿದ ಹಾಗಿದೆ. ಅವರು ಹಾಲು ಉಕ್ಕಿಸುವ ಮುಂಚೆ ಮನೆ ಸರಿಯಿದೆಯೇ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಇಂದು ಮೂರು ಮನೆ. ಬೆಳಿಗ್ಗೆ ಬಿಟಿಎಂ, ಮಧ್ಯಾಹ್ನ ಬಿಳೇಕಹಳ್ಳಿ, ಸಂಜೆ ಜೆ.ಪಿ. ನಗರ.

ಮೂರು ಕಡೆಯೂ ಒಬ್ಬೊಬ್ಬ ಚಿಕ್ಕಪ್ಪ ಇದ್ದೇ ಇದ್ದರು. ಮನೆ ಕೊಂಡವರು ಸುಮ್ಮನಿರುತ್ತಾರೆ, ಈ ಚಿಕ್ಕಪ್ಪಂದಿರು ಬಿಡುವುದಿಲ್ಲ. ಟೈಲ್ಸ್ ಒಳಗೆ ಟೊಳ್ಳಿದೆಯೇ ಎಂದು ಕೋಲಿನಿಂದ ತಟ್ಟಿದರೆ, ಒಡೆದರೆ ಯಾರು ಕೊಡುತ್ತಾರೆ ಎನ್ನುತ್ತಾರೆ. ಗೋಡೆಯ ತೇವ ಅಳೆಯುವ ಮೀಟರ್ ತೆಗೆದರೆ ಕಿತ್ತುಕೊಂಡು ತಮ್ಮ ಅಂಗೈಗೆ ಒತ್ತಿ ನೋಡಿಕೊಳ್ಳುತ್ತಾರೆ. ಬಿಳೇಕಹಳ್ಳಿಯವರ ಅಂಗೈಯಲ್ಲಿ ಬಚ್ಚಲುಮನೆ ಗೋಡೆಗಿಂತ ಹೆಚ್ಚು ತೇವವಿತ್ತು. ಜೆ.ಪಿ. ನಗರದವರಂತೂ ಇಂಜಿನಿಯರ್ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ನನ್ನನ್ನೇ ಕೇಳಿದರು. ಸಿವಿಲ್ ಡಿಪ್ಲೊಮಾ ಮುಗಿಸಿ ಹದಿನಾಲ್ಕು ವರ್ಷವಾಯಿತು ಎಂದೆ. ಓಹೋ ಎಂದು, ಕುಡಿಯಲು ನೀರು ಸಿಗುತ್ತದೆಯೇ ಎಂದು ನನ್ನನ್ನೇ ಕೇಳಿದರು.

ಇದರ ಮೇಲೆ ನಮ್ಮ ಆಫೀಸಿನ ಒಡೆಯ ಗೌರೀಶಂಕರ ಸಾರ್ ಹೊಸ ಆ್ಯಪ್ ಮಾಡಿಸಿದ್ದಾರೆ. ಇನ್ನೂರ ಹನ್ನೆರಡು ಪ್ರಶ್ನೆ, ಎಲ್ಲದಕ್ಕೂ ಹೌದು ಅಥವಾ ಇಲ್ಲ. 'ಸ್ವಲ್ಪ' ಎನ್ನಲು ಜಾಗವೇ ಇಲ್ಲ. ಬಾಗಿಲು ಸ್ವಲ್ಪ ಉಜ್ಜುತ್ತದೆ ಎಂದು ಎಲ್ಲಿ ಬರೆಯಲಿ? ಅದಕ್ಕೇ ಈ ಡೈರಿ ಹಿಡಿದು ಕೂತಿದ್ದೇನೆ. ಟೈಲ್ಸ್ ಅಂಗಡಿಯವರು ಪುಕ್ಕಟೆ ಕೊಟ್ಟದ್ದು, ಪುಟಕ್ಕೊಂದು ಕಮೋಡಿನ ಚಿತ್ರವಿದೆ.

ಕತ್ರಿಗುಪ್ಪೆಗೆ ಬಂದು ಮನೆ ಸೇರಿದರೆ, ಅತ್ತೆ ಅಡುಗೆಮನೆಯಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಒಲೆಯ ಪಕ್ಕದಲ್ಲೇ ದೇವರ ಗೂಡು. ಮದುವೆಯಾದ ಹೊಸತರಲ್ಲಿ ನಾನು ಮರೆತು ಚಪ್ಪಲಿಯಲ್ಲಿ ಆ ಹೊಸ್ತಿಲು ದಾಟಿದ್ದಕ್ಕೆ ಇಡೀ ಅಡುಗೆಮನೆ ತೊಳೆಸಿದ ಮಾರಮ್ಮನವರು ಇವರೇ. ಇದೇನತ್ತೆ ಎಂದರೆ, ನೆಲ ತಣ್ಣಗಿದೆಯಂತೆ. ನಡುಮನೆಯಲ್ಲಿ ಫ್ಯಾನು ಗಿರಗಿರ ತಿರುಗುತ್ತಿದೆ, ಇವರಿಗೆ ಅಡುಗೆಮನೆಯ ನೆಲ ಮಾತ್ರ ತಣ್ಣಗೆ.

ಜೂನ್ 4, ಬುಧವಾರ

ಅರೆಕೆರೆಯಲ್ಲಿ ಒಂಬತ್ತು ಫ್ಲಾಟಿನ ಹೊಸ ಕಟ್ಟಡ. ಒಂಬತ್ತೂ ನಮ್ಮ ಕೈಗೇ ಬಂದಿವೆ. ಎಂಟು ಹೋದ ತಿಂಗಳ ಮೊದಲ ವಾರವೇ ಮುಗಿಸಿದ್ದೆ, ಇಂದು ಕೊನೆಯದು.

ಅಲ್ಲಿ ವೈರಿಂಗ್ ಮಾಡಿದವನು ಚಿನ್ನಪ್ಪ. ಕೆಲಸ ಅಂದರೆ ಕೆಲಸ. ಸ್ವಿಚ್ ಬೋರ್ಡು ಒಂದೂ ಓರೆಯಿಲ್ಲ, ಸುತ್ತ ಸಿಮೆಂಟಿನ ಕಲೆಯಿಲ್ಲ. ಅದನ್ನು ನೋಡಿಯೇ ಹೋದ ತಿಂಗಳು ನಮ್ಮ ಮನೆಯ ಫ್ರಿಜ್ಜಿಗೆ ಹೊಸ ಪಾಯಿಂಟ್ ಹಾಕಲು ಅವನನ್ನೇ ಕರೆಸಿದ್ದೆ. ಪ್ಲಗ್ಗಿಗೆ ನನ್ನ ಮೂರು ದೀಪದ ಟೆಸ್ಟರ್ ಸಿಕ್ಕಿಸಿದರೆ ಎರಡು ಹಳದಿ ದೀಪ ಹತ್ತಬೇಕು. ಹತ್ತಿದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇದೆ, ವೈರು ಸರಿಯಿದೆ ಎಂದು. ಚಿನ್ನಪ್ಪನ ಪ್ಲಗ್ಗುಗಳಲ್ಲಿ ಸಿಕ್ಕಿಸುವುದಕ್ಕಿಲ್ಲ, ಹತ್ತುತ್ತವೆ.

ಇಂದಿನ ಫ್ಲಾಟ್ ಇಂದ್ರಾಣಿ ಎಂಬವರದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಚಿಕ್ಕಪ್ಪ ಇಲ್ಲವಲ್ಲ ಎಂದು ಖುಷಿಪಟ್ಟಿದ್ದೆ, ಆ ಚಿಕ್ಕಪ್ಪಂದಿರೇ ವಾಸಿ. ಈಯಮ್ಮ ಒಂದು ನೋಟ್‌ಬುಕ್ ಹಿಡಿದು ನನ್ನ ಹಿಂದೆಯೇ ಬಂದರು. ಎಷ್ಟು ಪ್ಲಗ್ ನೋಡುತ್ತೀರಿ? ರೂಮಿಗೆ ಒಂದೇ ಏಕೆ? ಪ್ಲೇಟ್ ಬಿಚ್ಚಿ ಒಳಗೆ ನೋಡುವುದಿಲ್ಲವೇ? ಬಿಚ್ಚುವ ಹಾಗಿಲ್ಲ ಮೇಡಂ, ಕಂಪನಿ ರೂಲ್ಸ್ ಎಂದೆ. ಆಮೇಲೆ ಟೆಸ್ಟರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು:

"ಇದು ತಪ್ಪು ಹೇಳಿದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?"

ತಪ್ಪು ಹೇಳುವುದಿಲ್ಲ ಎಂದೆ. ಅದನ್ನೂ ಬರೆದುಕೊಂಡರು.

ಎಲ್ಲ ಪ್ರಶ್ನೆಗೂ ಹಸಿರು ಒತ್ತಿ ಹೊರಬಿದ್ದಾಗ ಹನ್ನೊಂದೂವರೆ. ಬನ್ನೇರುಘಟ್ಟ ರಸ್ತೆ ದಾಟಿ ಈಚೆ ಬರುವಷ್ಟರಲ್ಲಿ ಒಂದಾಯಿತು.

ಜೂನ್ 7, ಶನಿವಾರ

ಅತ್ತೆಗೆ ಕೈ ಜುಮ್ಮೆನ್ನುತ್ತದಂತೆ. ಮೊದಲು, ಹದಿನೈದು ಇಪ್ಪತ್ತು ದಿನದ ಹಿಂದೆ, ಫ್ರಿಜ್ಜು ಕಚ್ಚುತ್ತದೆ ಎಂದಿದ್ದರು. ಮನೆ ಪರೀಕ್ಷೆ ಮಾಡುವವಳ ಮನೆಯಲ್ಲೇ ಇಂಥ ಮಾತು. ಆ ಗಳಿಗೆಯಲ್ಲೇ ಅವರ ಕಣ್ಣೆದುರಿಗೇ ಟೆಸ್ಟರ್ ಸಿಕ್ಕಿಸಿ ಎರಡು ಹಳದಿ ದೀಪ ತೋರಿಸಿದ್ದೆ. ಫ್ರಿಜ್ಜಿಗೇನೂ ಆಗಿಲ್ಲ ಅತ್ತೆ, ನಿಮ್ಮ ಶುಗರ್ ನೋಡಿಸಿ ಎಂದಿದ್ದೆ. ಆಮೇಲೆ ಅವರು ಫ್ರಿಜ್ಜಿನ ಮಾತೆತ್ತಲಿಲ್ಲ, ಕೈ ಎಂದರು.

ಇಂದು ನನ್ನ ಗಂಡ ನರೇಂದ್ರ ರಜೆ ಹಾಕಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಸಕ್ಕರೆ ಕಾಯಿಲೆಯಲ್ಲಿ ನರ ಹೀಗಾಗುವುದುಂಟು ಎಂದು ಮಾತ್ರೆ, ಐದು ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ಇಂಜೆಕ್ಷನ್ ಅಂದರೆ ಹೆದರುವ ಹೆಂಗಸು, ತುಟಿಪಿಟಕ್ಕೆನ್ನದೆ ಚುಚ್ಚಿಸಿಕೊಂಡು ಬಂದರಂತೆ.

ಚಪ್ಪಲಿ ವಿಷಯದಲ್ಲಿ ಮಾತ್ರ ಜಗ್ಗುತ್ತಿಲ್ಲ. ನಾನು ರಾತ್ರಿ ಬಾಗಿಲಾಚೆ ಇಡುತ್ತೇನೆ, ಬೆಳಿಗ್ಗೆ ಅಡುಗೆಮನೆಯಲ್ಲಿರುತ್ತವೆ. ಹೊಸ್ತಿಲ ಒಳಗೆ ಹಾಕಿಕೊಳ್ಳುವ ಮುಂಚೆ ಅವುಗಳನ್ನು ನಲ್ಲಿಯಲ್ಲಿ ತೊಳೆದು, ದೇವರ ಗೂಡಿಗೆ ಪರದೆ ಎಳೆಯುತ್ತಾರೆ. ಅಷ್ಟೆಲ್ಲ ಮಾಡುವ ಬದಲು ಬಿಡಬಾರದೇ? ನನ್ನ ಮೇಲಿನ ಯಾವ ಸೇಡಿಗೋ ಏನೋ.

ಜೂನ್ 12, ಗುರುವಾರ

ಇಂದ್ರಾಣಿ ಮೇಡಂ ಫೋನ್. ಗೃಹಪ್ರವೇಶವಾಗಿ ಮೂರು ದಿನವಾಯಿತಂತೆ, ಬಚ್ಚಲುಮನೆ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದಂತೆ. ಆಗ ನಾನು ಬಿಟಿಎಂನಲ್ಲಿ ಏಣಿಯ ಮೇಲಿದ್ದೆ. ಗೀಸರ್ ಹೊಸದಲ್ಲವೇ, ಅದರ ಕಂಪನಿಯವರನ್ನು ಕರೆಸಿ, ಅಲ್ಲಿಯವರೆಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿ ಎಂದು ಹೇಳಿ ಫೋನಿಟ್ಟೆ.

ಮನೆಯಲ್ಲಿ ನರೇಂದ್ರನೊಂದಿಗೆ ಜಗಳ. ಅವನ ಅಮ್ಮನ ಚಪ್ಪಲಿಯ ಬಗ್ಗೆ ಅವನೇ ಮಾತಾಡಲಿ ಎಂದರೆ, ವಯಸ್ಸಾದವರು ಬಿಡು ಎನ್ನುತ್ತಾನೆ.

ಜೂನ್ 16, ಸೋಮವಾರ

ಇಂದ್ರಾಣಿ ಮೇಡಂ ನಾಲ್ಕು ಸಲ. ಗೀಸರಿನವನು ಬಂದು ಸರಿಯಿದೆ ಎಂದು ಹೋದನಂತೆ. ಎಲ್ಲರೂ ಸರಿಯಿದೆ ಎನ್ನುತ್ತಾರಂತೆ, ನಲ್ಲಿ ಮಾತ್ರ ಒಪ್ಪುತ್ತಿಲ್ಲವಂತೆ. ತಲೆನೋವು. ಬರೆಯಲು ಏನೂ ಇಲ್ಲ.

ಜೂನ್ 19, ಗುರುವಾರ

ಕಾಟ ತಡೆಯಲಾರದೆ ಅರೆಕೆರೆಗೆ ಹೋದೆ. ಹನ್ನೊಂದು ಗಂಟೆ. ಬಚ್ಚಲುಮನೆ, ಅಡುಗೆಮನೆ, ವಾಷಿಂಗ್ ಮೆಷಿನ್, ಎಲ್ಲ ಪ್ಲಗ್ಗಿಗೂ ಸಿಕ್ಕಿಸಿದೆ. ಎಲ್ಲೆಡೆ ಎರಡು ಹಳದಿ. ನಲ್ಲಿಯನ್ನು ನಾನೇ ಹಿಡಿದು ನಿಂತೆ, ಏನೂ ಇಲ್ಲ. ಈಗ ಸಮಾಧಾನವೇ ಎಂಬಂತೆ ಅವರ ಮುಖ ನೋಡಿದೆ.

ಈಗ ಗೀಸರ್ ಆಫ್ ಆಗಿದೆಯಲ್ಲ ಎಂದರು. ತಾವು ಹಾಕುವುದು ಬೆಳಿಗ್ಗೆ ಆರಕ್ಕೆ, ಕಟ್ಟಡದವರೆಲ್ಲ ಹಾಕುವುದೂ ಆಗಲೇ. ಖಾಲಿ ಮನೆಗೆ ಬಂದು, ಏನೂ ಓಡದಿರುವಾಗ ನೋಡಿ ಹೋದರೆ ಅದು ಯಾವ ಪರೀಕ್ಷೆ ಎಂದು, ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಕೇಳಿದರು. ಆಮೇಲೆ ನೋಟ್‌ಬುಕ್ ತೆಗೆದು ಪೆನ್ಸಿಲ್ಲಿನಲ್ಲಿ ಪ್ಲಗ್ಗಿನ ಚಿತ್ರ ಬರೆದರು.

"ಅರ್ಥಿಂಗ್ ವೈರೇ ಇಲ್ಲ ಅಂತ ಇಟ್ಕೊಳ್ಳಿ. ಯಾರೋ ಒಳಗಡೆ, ಕರೆಂಟ್ ವಾಪಸ್ ಹೋಗೋ ನ್ಯೂಟ್ರಲ್ ವೈರನ್ನೇ ಅರ್ಥಿಂಗ್ ಪಿನ್ನಿಗೆ ಸೇರಿಸಿಬಿಟ್ಟಿದ್ದಾರೆ. ಆಗ ನಿಮ್ಮ ಟೆಸ್ಟರ್ ಏನು ತೋರಿಸುತ್ತೆ?"

ಹಾಗೆ ಯಾರೂ ಮಾಡುವುದಿಲ್ಲ ಎಂದೆ. ಮಾಡುತ್ತಾರೋ ಇಲ್ಲವೋ ಎಂದು ತಾನು ಕೇಳಲಿಲ್ಲ, ಏನು ತೋರಿಸುತ್ತದೆ ಎಂದು ಕೇಳಿದ್ದು ಎಂದರು. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅವರನ್ನು ಬೈದುಕೊಂಡು ಬಂದೆ.

ಜೂನ್ 20, ಶುಕ್ರವಾರ

ಆಫೀಸಿನಲ್ಲಿ ಒಂದು ಹಲಗೆಗೆ ಪ್ಲಗ್ ಕೂರಿಸಿ, ಅರ್ಥಿಂಗ್ ವೈರು ಬಿಟ್ಟು, ನ್ಯೂಟ್ರಲ್‌ನಿಂದ ಅರ್ಥಿಂಗ್ ಪಿನ್ನಿಗೆ ಒಂದು ತುಂಡು ವೈರು ಸಿಕ್ಕಿಸಿದೆ. ಟೆಸ್ಟರ್ ಹಾಕಿದೆ.

ಎರಡು ಹಳದಿ ದೀಪ.

ತೆಗೆದು ಮತ್ತೆ ಹಾಕಿದೆ. ಬೇರೆ ಟೆಸ್ಟರ್ ತಂದು ಹಾಕಿದೆ. ಎರಡೇ ಹಳದಿ. ಆರು ವರ್ಷದಿಂದ ಈ ದೀಪ ನೋಡಿ ಎಷ್ಟು ಮನೆಗೆ ಹೌದು ಒತ್ತಿದ್ದೇನೋ.

ಗೌರೀಶಂಕರ ಸಾರ್‌ಗೆ ತೋರಿಸಿದರೆ ಅವರು ಹಲಗೆಯನ್ನು ನೋಡಲೇ ಇಲ್ಲ, ನನ್ನನ್ನೇ ನೋಡಿದರು. ಪ್ಲೇಟ್ ಬಿಚ್ಚುವುದು ನಮ್ಮ ಕೆಲಸದೊಳಗೆ ಬರುವುದಿಲ್ಲ, ಅರೆಕೆರೆಯ ರಿಪೋರ್ಟ್ ಮುಗಿದ ಕಥೆ, ಕೆದಕಬೇಡಿ ಎಂದರು. ಆ ಹಲಗೆಯನ್ನು ಅಲ್ಲೇ ಅವರ ಮೇಜಿನ ಮೇಲೆ ಬಿಟ್ಟು ಬಂದೆ.

ಜೂನ್ 21, ಶನಿವಾರ

ಬೆಳಿಗ್ಗೆ ಆರಕ್ಕೆ ಅರೆಕೆರೆ. ಬ್ಯಾಗಿನಲ್ಲಿ ಮಲ್ಟಿಮೀಟರ್, ಸ್ಕ್ರೂಡ್ರೈವರ್. ಇಂದ್ರಾಣಿ ಮೇಡಂ ಗೀಸರ್ ಹಾಕಿ ಕಾಯುತ್ತಿದ್ದರು. ಯಾಕೋ ಇಂದು ಅವರ ನೋಟ್‌ಬುಕ್ ನೋಡಿ ಸಿಟ್ಟು ಬರಲಿಲ್ಲ.

ನಲ್ಲಿಗೆ ಬೆರಳು ತಾಗಿಸಿದೆ. ಇರುವೆ ಸಾಲು ಓಡಿದ ಹಾಗೆ ಮೊಣಕೈಯವರೆಗೂ ಜುಮ್ಮೆಂದಿತು. ಪ್ಲಗ್ಗಿನ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ ಮೀಟರ್ ಇಟ್ಟೆ. ಗೀಸರ್ ಓಡುವಾಗ, ಎರಡೂ ಬೇರೆ ಬೇರೆ ವೈರುಗಳಾಗಿದ್ದರೆ ಒಂದೋ ಎರಡೋ ವೋಲ್ಟಿನ ವ್ಯತ್ಯಾಸ ತೋರಬೇಕು. ಸೊನ್ನೆ ಬಂತು. ಸೊನ್ನೆ ಬಂದರೆ ಎರಡೂ ಒಂದೇ ಎಂದು. ಮೇನ್ ಆಫ್ ಮಾಡಿ ಪ್ಲೇಟ್ ಬಿಚ್ಚಿದೆ. ಒಂದಿಂಚಿನ ಹಸಿರು ವೈರು, ನ್ಯೂಟ್ರಲ್‌ನಿಂದ ಅರ್ಥಿಂಗ್ ಪಿನ್ನಿಗೆ. ಎರಡೂ ತುದಿ ನೀಟಾಗಿ ಮಡಚಿ, ಸ್ಕ್ರೂ ಬಿಗಿಮಾಡಿತ್ತು. ಗೀಸರಿನ ಮೈ, ಪೈಪು, ನಲ್ಲಿ ಎಲ್ಲ ಆ ಪಿನ್ನಿಗೇ ಸೇರಿದವು, ಕಟ್ಟಡದ ಗೀಸರುಗಳು ಓಡುವಾಗ ನ್ಯೂಟ್ರಲ್‌ನ ಕರೆಂಟು ಹೀಗೆ ನಲ್ಲಿಗೂ ಬರುತ್ತಿತ್ತು. ಎಲ್ಲೋ ಮೇನ್ ನ್ಯೂಟ್ರಲ್ ಒಂದು ದಿನ ಕಳಚಿಕೊಂಡರೆ ಇನ್ನೂರ ಮೂವತ್ತು ವೋಲ್ಟೂ ಆ ನಲ್ಲಿಗೇ ಬರುತ್ತದೆ. ಒದ್ದೆ ಮೈಯಲ್ಲಿ ನಿಂತವರು ಮತ್ತೆ ಏಳುವುದಿಲ್ಲ.

ಚಿನ್ನಪ್ಪನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಎಲ್ಲ ಕೇಳಿಸಿಕೊಂಡು, ಸ್ವಲ್ಪವೂ ಗಾಬರಿಯಿಲ್ಲದೆ ಹೇಳಿದ:

"ಮೇಡಂ, ಕೆಳಗಡೆ ಅರ್ಥ್ ಪಿಟ್ ತೋಡವ್ರೆ, ಮೇಲಕ್ಕೆ ವೈರ್ ಎಳೆಯೋಕೆ ಬಿಲ್ಡರ್ ದುಡ್ಡು ಕೊಡ್ಲಿಲ್ಲ. ನಾನು ಹಂಗೇ ಬಿಟ್ಟಿದ್ದೆ. ಮೊದಲನೇ ಫ್ಲಾಟಲ್ಲಿ ನಿಮ್ಮ ಟೆಸ್ಟರ್ ದೀಪ ಹತ್ತಲಿಲ್ಲ, ನೀವು ಫೇಲ್ ಮಾಡಿ ಹೋದ್ರಿ. ದೀಪ ಬರ್ಬೇಕು ಅಂದ್ರಿ, ಬರೋ ಹಂಗೆ ಮಾಡ್ದೆ. ಈಗ ಎಲ್ಲಾ ಕಡೆ ಹಂಗೇ ಮಾಡೋದು. ನೀವು ನೋಡೋದೇ ದೀಪ ಅಲ್ವಾ?"

ಫೋನಿಟ್ಟೆ. ಹೌದು, ಮೊದಲನೇ ಫ್ಲಾಟ್ ಫೇಲ್ ಮಾಡಿದ್ದೆ. ಎರಡು ದಿನ ಬಿಟ್ಟು ಹೋದಾಗ ದೀಪ ಹತ್ತಿತ್ತು, ಭೇಷ್ ಚಿನ್ನಪ್ಪ ಎಂದು ಬೆನ್ನು ತಟ್ಟಿದ್ದವಳೂ ನಾನೇ.

ಅವನು ಕೆಲಸ ಮಾಡಿದ ಮನೆಗಳನ್ನೆಲ್ಲ ಆ್ಯಪಿನಲ್ಲಿ ಹುಡುಕಿ ಪಟ್ಟಿ ಮಾಡಿದೆ. ಇದೇ ಕಟ್ಟಡದ ಒಂಬತ್ತು, ಬಿಳೇಕಹಳ್ಳಿಯದು ಒಂದು. ಒಟ್ಟು ಹತ್ತು. ಪಟ್ಟಿಯನ್ನು ಎರಡು ಸಲ ನೋಡಿದೆ, ಯಾವುದೂ ಬಿಟ್ಟುಹೋಗಿಲ್ಲ.

ಜೂನ್ 23, ಸೋಮವಾರ

ನಿನ್ನೆ ಭಾನುವಾರ ಹತ್ತು ಮನೆಗೂ ಹೋದೆ. ನಾನು ಪಾಸ್ ಮಾಡಿದ್ದು ತಪ್ಪು, ಗೀಸರ್ ವಾಷಿಂಗ್ ಮೆಷಿನ್ ಮುಟ್ಟಬೇಡಿ ಎಂದು ಕಾಗದದಲ್ಲಿ ಬರೆದು, ನನ್ನ ಹೆಸರು ಹಾಕಿ, ಸಹಿ ಮಾಡಿ ಕೊಟ್ಟೆ. ಒಬ್ಬರು ಬಾಗಿಲು ಹಾಕಿದರು. ಒಬ್ಬರು ಬಿಲ್ಡರ್ ಎಷ್ಟು ಕೊಡಲಿಲ್ಲ ಎಂದು ಹೀಗೆ ತಿರುಗಿಬಿದ್ದಿದ್ದೀರಿ ಎಂದು ಕೇಳಿದರು. ನಾಲ್ಕು ಮನೆಯವರು ಮಾತ್ರ ಒಂದೇ ಮಾತು ಹೇಳಿದರು: ಹೌದು, ನಮಗೂ ಜುಮ್ಮೆನ್ನುತ್ತಿತ್ತು, ಹೊಸ ಮನೆ ಹೀಗೇ ಇರಬೇಕು ಅಂದುಕೊಂಡೆವು. ನನಗೆ ಅವರ ಮೇಲೂ ರೇಗಿತು. ಜುಮ್ಮೆಂದರೆ ಬಾಯಿಬಿಟ್ಟು ಹೇಳಬಾರದೇ ಈ ಜನ?

ಅರೆಕೆರೆಯ ಮೂರನೇ ಮಹಡಿಯವರ ಗೃಹಪ್ರವೇಶ ಇಂದು ಬೆಳಿಗ್ಗೆ, ಜೋಯಿಸರು ಹುಡುಕಿ ಹುಡುಕಿ ಕೊಟ್ಟ ಕೊನೆಯ ಮುಹೂರ್ತ. ನೆಂಟರೆಲ್ಲ ಸ್ನಾನ ಮಾಡಬೇಕು, ಗೀಸರ್ ಹಾಕುವವರೇ ಎಂದರು. ಬೇಡವೆಂದರೆ ಅಪಶಕುನದ ಹಾಗೆ ಮಾತಾಡುತ್ತೀರಿ ಎಂದು ಆ ಮನೆಯ ಹಿರಿಯರು ಕೂಗಾಡಿದರು. ನಾನು ಬೆಳಿಗ್ಗೆ ಐದಕ್ಕೇ ಹೋಗಿ, ಹೋಮ ಮುಗಿಯುವವರೆಗೂ ಮೇನ್ ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಹೊಗೆಗೆ ಕಣ್ಣು ಉರಿ. ಪುರೋಹಿತರು ನನ್ನನ್ನೂ ಮನೆಯವಳೆಂದುಕೊಂಡು ಕೈಗೆ ಅಕ್ಷತೆ ಕೊಟ್ಟರು. ಎಲ್ಲರೂ ತಣ್ಣೀರು ಸ್ನಾನ ಮಾಡಿದರು, ಎಲ್ಲರೂ ನನ್ನನ್ನು ಬೈದರು.

ಹತ್ತಕ್ಕೆ ಆ್ಯಪ್ ತೆಗೆದರೆ ಒಳಗೆ ಹೋಗಲಾಗಲಿಲ್ಲ. ಗೌರೀಶಂಕರ ಸಾರ್ ನನ್ನ ಹೆಸರು ತೆಗೆದುಹಾಕಿದ್ದಾರೆ. ವಿಚಾರ ಮಾಡಿ ಹೇಳುತ್ತೇನೆ, ಅಲ್ಲಿಯವರೆಗೆ ಮನೆಯಲ್ಲಿರಿ ಎಂದು ಎರಡು ಸಾಲಿನ ಮೆಸೇಜ್. ಅತ್ತರೆ ಯಾರು ನೋಡುತ್ತಾರೆ ಎಂದು ಗಾಡಿ ನಿಲ್ಲಿಸಿ ರಸ್ತೆಬದಿಯಲ್ಲೇ ಅತ್ತೆ.

ಜೂನ್ 26, ಗುರುವಾರ

ಆಷಾಢ ಶುರು. ಇಂದ್ರಾಣಿ ಮೇಡಂ ಒಂಬತ್ತು ಮನೆಯವರನ್ನೂ ಸಾಲಾಗಿ ಬಿಲ್ಡರ ಮುಂದೆ ನಿಲ್ಲಿಸಿ, ಅರ್ಥಿಂಗ್ ವೈರು ಎಳೆಸುವುದಕ್ಕೆ ಒಪ್ಪಿಸಿದರಂತೆ. ಫೋನಿನಲ್ಲಿ ಹೇಳಿದರು. ಬಿಳೇಕಹಳ್ಳಿಯವರೂ ಸರಿಮಾಡಿಸಿಕೊಳ್ಳುತ್ತಿದ್ದಾರೆ. ಹತ್ತಕ್ಕೆ ಹತ್ತೂ ಮುಗಿಯಿತಲ್ಲ ಎಂದು ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಕೂತಿದ್ದೆ.

ಸಂಜೆ ಐದೂವರೆಗೆ ಟ್ಯಾಂಕಿಗೆ ನೀರೇರಿಸಲು ಮೋಟಾರ್ ಹಾಕಿ, ಕಾಫಿ ಕೇಳೋಣವೆಂದು ಅಡುಗೆಮನೆಗೆ ಹೋದೆ. ಈ ಹೊತ್ತಿನಲ್ಲಿ ನಾನು ಮನೆಯಲ್ಲಿದ್ದು ಎಷ್ಟು ತಿಂಗಳಾಗಿತ್ತೋ. ಅತ್ತೆಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೂಲೆಯಲ್ಲಿ ಬಾರು ಕಿತ್ತ ಹವಾಯಿ ಬಿದ್ದಿತ್ತು. ಅತ್ತೆ ಊಟಕ್ಕೆ ಕೂರುವ ಮರದ ಮಣೆಯನ್ನು ಫ್ರಿಜ್ಜಿನ ಮುಂದೆ ಎಳೆದುಕೊಂಡು, ಅದರ ಮೇಲೆ ಎರಡೂ ಕಾಲು ಜೋಡಿಸಿ ನಿಂತು, ಸೆರಗನ್ನು ಕೈಗೆ ಸುತ್ತಿಕೊಂಡು ಬಾಗಿಲು ತೆಗೆಯುತ್ತಿದ್ದರು.

ಮಣೆಯ ಮೇಲೆ ಯಾಕೆ ನಿಂತಿರಿ ಎಂದು ಕೇಳುವಷ್ಟರಲ್ಲೇ ನನಗೆ ಗೊತ್ತಾಯಿತು. ಆದರೂ ಕೇಳಿದೆ.

"ಚಪ್ಲಿ ಕಿತ್ತೋಯ್ತು ಕಣವ್ವ" ಎಂದರು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮಣೆಯಿಂದ ಇಳಿಯಲು ಹೋದರು. "ಇಳೀಬೇಡಿ" ಎಂದು ಕಿರುಚಿದೆ. ಮೋಟಾರ್ ಆರಿಸಿ, ಮೇನ್ ಆರಿಸಿ, ಬಂದು ಅವರ ಕೈ ಹಿಡಿದು ಇಳಿಸಿದೆ. ನನಗೆ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ನಲ್ಲ. ನೀನು ದೀಪ ತೋರಿಸ್ದೆ. ಓದಿರೋಳು, ಊರೋರ ಮನೆಯೆಲ್ಲ ನೋಡೋಳು, ನೀನು ಸರಿಗೈತೆ ಅಂದ್ಮೇಲೆ ಸರಿಗೇ ಇರ್ತದೆ. ನನ್ ಕೈಯೇ ಕೆಟ್ಟಿರ್ಬೇಕು ಅಂದ್ಕಂಡೆ. ಇಂಜೆಕ್ಷನ್ ಐದೂ ಹಾಕಿಸ್ಕಂಡೆ ನೋಡು. ಹೋಗ್ಲಿಲ್ಲ."

ಮೀಟರ್ ತಂದೆ. ಕಿಟಕಿಯಾಚೆ ನೆಲದೊಳಕ್ಕೆ ಇಳಿದ ಬೋರ್‌ವೆಲ್ ಪೈಪಿಗೂ ಫ್ರಿಜ್ಜಿನ ಬಾಗಿಲಿಗೂ ನಡುವೆ ಇಟ್ಟು, ಅತ್ತೆಯನ್ನು ಹೊರಗೆ ಕಳಿಸಿ ಮೇನ್ ಹಾಕಿ ನೋಡಿದೆ. ಮೋಟಾರ್ ನಿಂತಿದ್ದಾಗ ಎರಡು ವೋಲ್ಟ್. ಮೋಟಾರ್ ಓಡಿದರೆ ನಲವತ್ತಾರು. ನಮ್ಮ ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿ, ಸುಟ್ಟು ಕಪ್ಪಗಾಗಿತ್ತು. ಇನ್ನು ಎಷ್ಟು ದಿನ ನಿಲ್ಲುತ್ತಿತ್ತೋ. ಮತ್ತೆ ಮೇನ್ ಆರಿಸಿ ಫ್ರಿಜ್ಜಿನ ಪ್ಲಗ್ಗಿನ ಪ್ಲೇಟ್ ಬಿಚ್ಚಿದೆ. ಒಂದಿಂಚಿನ ಹಸಿರು ವೈರು, ನೀಟಾಗಿ.

ಹತ್ತು ಮನೆಗೆ ಕಾಗದ ಕೊಟ್ಟು ಬಂದೆ. ಈ ಮನೆ ಆ್ಯಪಿನಲ್ಲಿ ಇರಲಿಲ್ಲ.

ಜುಲೈ 6, ಭಾನುವಾರ

ಹಿತ್ತಲಿನಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ಅರ್ಥ್ ಪಿಟ್ ಮಾಡಿಸಿದ್ದಾಯಿತು. ಅಲ್ಲಿಂದ ಅಡುಗೆಮನೆಯವರೆಗೆ ಹಸಿರು ವೈರು ಎಳೆಯುವಾಗ ಒಂದೊಂದು ಅಡಿಯೂ ನಿಂತು ನೋಡಿದೆ. ಹೊಸ ಎಲೆಕ್ಟ್ರಿಷಿಯನ್‌ಗೆ ನನ್ನ ಪ್ರಶ್ನೆ ಕೇಳಿ ಕೇಳಿ ಸಾಕಾಗಿಹೋಯಿತು. ಇದು ಸರಿಯಿದೆ ಅಂತ ನಿನಗೆ ಹೇಗೆ ಗೊತ್ತು ಎಂದರೆ, ಏನು ಮೇಡಂ ಟೀಚರ್ ಥರ ಕೇಳುತ್ತೀರಿ ಎಂದ. ನ್ಯೂಟ್ರಲ್ ಸ್ಕ್ರೂ ಹೊಸದು. ಗುಂಡಿಗೆ ನೀರು ಹಾಕುತ್ತಿರಬೇಕು ಎಂದು ಹೇಳಿದ್ದೇ ತಡ, ಅತ್ತೆ ಬೆಳಿಗ್ಗೆ ಗಿಡಗಳ ಜೊತೆ ಅದಕ್ಕೂ ಒಂದು ಬಿಂದಿಗೆ ಸುರಿಯುತ್ತಾರೆ. ಎರಡು ದಿನದ ಹಿಂದೆ ಅವರನ್ನು ಅದೇ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ನರದ ಮಾತ್ರೆ ನಿಲ್ಲಿಸಿದರು.

ಗೌರೀಶಂಕರ ಸಾರ್ ಕೋಪ ಇನ್ನೂ ಇಳಿದಿಲ್ಲ. ಆದರೆ ಆ ಹಲಗೆ ಅವರ ಮೇಜಿನ ಮೇಲೇ ಇದೆಯಂತೆ. ನಿನ್ನೆ ಫೋನ್ ಮಾಡಿ, ಆ್ಯಪಿಗೆ ಹೊಸದಾಗಿ ಏನು ಪ್ರಶ್ನೆ ಸೇರಿಸಬೇಕು ಎಂದು ಗಂಟಲು ಕೆರೆದುಕೊಂಡು ಕೇಳಿದರು. ಮನೆಯಲ್ಲಿರುವವರಿಗೆ ಎಲ್ಲಾದರೂ ಜುಮ್ಮೆನ್ನುತ್ತದೆಯೇ, ಯಾವ ಹೊತ್ತಿನಲ್ಲಿ, ಎಂದು ಸೇರಿಸಿ ಎಂದೆ. ಹೌದು, ಇಲ್ಲ ಬೇಡ ಸಾರ್, ಅವರು ಹೇಳಿದ್ದನ್ನು ಬರೆಯಲು ಜಾಗ ಬಿಡಿ ಎಂದೆ. ನೋಡೋಣ ಎಂದರು.

ಸಂಜೆ ಮೋಟಾರ್ ಹಾಕಿ, ಗೀಸರ್ ಹಾಕಿ, ಮಿಕ್ಸಿಯನ್ನೂ ಓಡಿಸಿ, ಮೀಟರಿನ ವೈರು ಫ್ರಿಜ್ಜಿಗೆ ಸಿಕ್ಕಿಸಿ, ಹೊಸ್ತಿಲಾಚೆ ನಿಂತು ನೋಡಿದೆ. ಸರಿಯಿದೆ ಅತ್ತೆ ಎಂದೆ. ಅತ್ತೆ ಹೊಸ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, ದೇವರ ಗೂಡಿನ ಪರದೆ ಸರಿಸಿ, ಬರಿಗಾಲಲ್ಲಿ ಬಂದು ಫ್ರಿಜ್ಜಿನ ಮುಂದೆ ನಿಂತರು. ಕೈ ಮುಂದೆ ಚಾಚಿದವರು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದರು, ಮೀಟರ್ ನೋಡಲಿಲ್ಲ.

ನಾನು ಮೀಟರ್ ಕೆಳಗಿಟ್ಟೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಅವರಿಗಿಂತ ಮುಂಚೆ ನನ್ನ ಕೈ ಇಟ್ಟೆ.